ಚಿಕ್ಕಮ್ಮನ ಎಡಗೈಗೊಂದು ಸ್ವಿಚ್ಚು

ಸ್ವಿಚ್ಚಕ್ಕನಿಗೆ ಆ ಹೆಸರು ಅಂಟಿಕೊಂಡಿದ್ದು ಮದುವೆಗೂ ಮುಂಚೆ. ಬೀದಿಯಲ್ಲಿ ಯಾರ ಮನೆಯ ಫ್ಯಾನು ತಿರುಗದಿದ್ದರೂ, ಯಾರ ಮಿಕ್ಸಿ ಮುನಿಸಿಕೊಂಡರೂ ಮೊದಲು ಕೂಗುತ್ತಿದ್ದುದು ಅವಳನ್ನೇ. ಈಗ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಮೂಲೆಯಲ್ಲಿ ಬಿಚ್ಚಿಟ್ಟ ಮೋಟಾರುಗಳು, ಇನ್ನೊಂದು ಮೂಲೆಯಲ್ಲಿ ಮಗಳ ತೊಟ್ಟಿಲು. ಬೆಸುಗೆಯ ಹೊಗೆ ತೊಟ್ಟಿಲ ಕಡೆ ಹೋಗದಂತೆ ಕಿಟಕಿಯಾಚೆ ತಳ್ಳುವ ಪುಟ್ಟ ಫ್ಯಾನನ್ನೂ ಅವಳೇ ಮಾಡಿಕೊಂಡಿದ್ದಳು.

ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದು ಚಿಕ್ಕಮ್ಮ. ಚಿಕ್ಕಮ್ಮನದೊಂದು ಸಣ್ಣ ಹಾಯಿದೋಣಿ. ಎದುರಿನ ದ್ವೀಪಕ್ಕೆ ಔಷಧಿ ಪೆಟ್ಟಿಗೆ ಮುಟ್ಟಿಸುವ ಕೆಲಸ. ಗಾಳಿಯಿದ್ದರೆ ಹಾಯಿ, ಗಾಳಿ ಬಿದ್ದರೆ, ಇಲ್ಲವೇ ಬಂದರಿನ ಇಕ್ಕಟ್ಟಿನಲ್ಲಿ ನುಸುಳಬೇಕಾದರೆ ಹಲಗೆಯ ಕೆಳಗಿನ ಡೀಸೆಲ್ ಎಂಜಿನ್. ಅದನ್ನು ಎಬ್ಬಿಸುವುದಕ್ಕೂ ಒಂದು ಕ್ರಮವಿತ್ತು. ಮೊದಲು ಸ್ವಿಚ್ಚಿನ ಹಲಗೆಗೆ ಮುಷ್ಟಿಯಿಂದ ಒಂದು ಗುದ್ದು. ಆಮೇಲೆ ಕೀಲಿಯನ್ನು ಅರ್ಧ ತಿರುಗಿಸಿ, ತಣ್ಣಗಿನ ಎಂಜಿನ್ನನ್ನು ಬಿಸಿಮಾಡುವ ಹೀಟರ್ ಕಾಯುವವರೆಗೆ ತಾಳ್ಮೆ. ಕೊನೆಗೆ ಪೂರ್ತಿ ತಿರುವು. "ಗುದ್ದಿದ್ರೇನೇ ಏಳೋದು ಇದು, ಥೇಟ್ ನಿನ್ನ ಹಾಗೆ" ಎಂದು ಚಿಕ್ಕಮ್ಮ ರೇಗಿಸುತ್ತಿದ್ದಳು. ಓದು ಬರಹಕ್ಕಿಂತ ಮೊದಲೇ ಸ್ವಿಚ್ಚಕ್ಕ ಆ ಗುದ್ದನ್ನು ಕಲಿತಿದ್ದಳು.

ಈಚೆಗೆ ಚಿಕ್ಕಮ್ಮ ಪಾಚಿಯ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪೆಟ್ಟಾದವರು ಮತ್ತೆ ದೋಣಿ ಬಿಡಬೇಕಾದರೆ ಯಾರ ಸಹಾಯವೂ ಇಲ್ಲದೆ ಎಂಜಿನ್ ಶುರುಮಾಡಿ, ಅಲೆಗಳ ತಡೆಗೋಡೆ ದಾಟಿ, ತಿರುಗಿ ಬಂದು ತೋರಿಸಬೇಕೆಂಬುದು ಬಂದರಿನ ಕಟ್ಟಳೆ. ತೋರಿಸದಿದ್ದರೆ ದ್ವೀಪದ ಕೆಲಸ ಬೇರೆಯವರ ಪಾಲು. ಪರೀಕ್ಷೆ ನಾಳೆ ಬೆಳಿಗ್ಗೆಗಿತ್ತು.

"ಎಡಗೈಲಿ ತಿರುಗಿಸೋಣ ಅಂದ್ರೆ ಸ್ವಿಚ್ಚಿರೋದು ಬಲಮೂಲೇಲಿ ಕಣೆ. ಅದೂ ಉಪ್ಪು ಹಿಡಿದು ಕಲ್ಲಾಗಿ ಕೂತಿದೆ" ಎಂದಳು ಚಿಕ್ಕಮ್ಮ.

"ಹಾಗಾದ್ರೆ ಸ್ವಿಚ್ಚೇ ಎಡಗಡೆಗೆ ಬರ್ಲಿ ಬಿಡು."

"ಪರೀಕ್ಷೆ ನಾಳೆ."

"ಇವತ್ತಿನ ಮಧ್ಯಾಹ್ನ ಇನ್ನೂ ಖರ್ಚಾಗಿಲ್ವಲ್ಲ ಚಿಕ್ಕಮ್ಮ."

ದೋಣಿಯಲ್ಲಿ ಮಡಚಿಟ್ಟ ಹಾಯಿಯ ಮೇಲೆ ಮಗುವನ್ನು ಮಲಗಿಸಿ ಸ್ವಿಚ್ಚಕ್ಕ ಕೆಲಸಕ್ಕೆ ಕೂತಳು. ಮೊದಲು ಬ್ಯಾಟರಿಯ ವೈರು ಕಳಚಿದಳು. ಹಲಗೆಯ ಹಿಂದಿನ ವೈರುಗಳೆಲ್ಲ ಬಣ್ಣಗೆಟ್ಟು ಒಂದೇ ತಾಯಿಯ ಮಕ್ಕಳಂತಿದ್ದವು. ಮಗಳ ಹಳೆಯ ಟೋಪಿಯ ಉಣ್ಣೆ ಬಿಚ್ಚಿ ಗುರುತು ಕಟ್ಟಿದಳು: ಬ್ಯಾಟರಿಯಿಂದ ಬರುವುದಕ್ಕೆ ಕೆಂಪು, ಹೀಟರಿಗೆ ಹಳದಿ, ಸ್ಟಾರ್ಟರಿಗೆ ನೀಲಿ. ಕಲ್ಲಾಗಿದ್ದ ಕೀಲಿ ಸ್ವಿಚ್ಚನ್ನು ಕಿತ್ತು, ಚುಕ್ಕಾಣಿಯ ಎಡಕ್ಕೆ ಹೊಸ ಹಲಗೆ ಬಿಗಿದಳು. ಅದರ ಮೇಲೆ ಕರೆಂಟಿಗೊಂದು ಸ್ವಿಚ್ಚು, ಹೀಟರಿಗೊಂದು ಗುಂಡಿ, ಸ್ಟಾರ್ಟರಿಗೊಂದು ಗುಂಡಿ. ಹೀಟರು ಕರೆಂಟನ್ನು ಗಟಗಟ ಕುಡಿಯುತ್ತದೆಂದು ಅದಕ್ಕೆ ದಪ್ಪ ವೈರನ್ನೇ ಎಳೆದಳು. ಎಂಜಿನ್ನಿನ ವೈರುಗಳು ಬಂದು ಸೇರುವ ಹಳೆಯ ಕಪ್ಲರನ್ನು ಮಾತ್ರ ಬಿಚ್ಚಿ ನೋಡದೆ ಹೊಸ ಹಲಗೆಯ ಹಿಂದೆ ಕೂರಿಸಿದಳು.

ಬ್ಯಾಟರಿ ಜೋಡಿಸಿ, ಹೀಟರ್ ಕಾಯಿಸಿ, ಗುಂಡಿ ಒತ್ತಿದಳು. ಎಂಜಿನ್ ಗುಡುಗುಡು ಎಂದಿತು. ಚಿಕ್ಕಮ್ಮನ ಮುಖ ಊರಗಲವಾಯಿತು.

ಎಂಜಿನ್ ನಿಲ್ಲಿಸಿ, "ಈಗ ನೀನು" ಎಂದಳು ಸ್ವಿಚ್ಚಕ್ಕ.

ಚಿಕ್ಕಮ್ಮ ಎಡ ಹೆಬ್ಬೆರಳಿನಿಂದ ಒತ್ತಿದಳು. ಟಿಕ್ಕೂ ಇಲ್ಲ, ಟಕ್ಕೂ ಇಲ್ಲ. ಸ್ವಿಚ್ಚಕ್ಕ ಒತ್ತಿದಳು, ಎದ್ದಿತು. ಮತ್ತೆ ಚಿಕ್ಕಮ್ಮ ಒತ್ತಿದಳು, ಮತ್ತೆ ಮೌನ.

"ಇದಕ್ಕೂ ಪಕ್ಷಪಾತ ನೋಡು" ಎಂದು ನಗಲು ಹೋದ ಚಿಕ್ಕಮ್ಮ ನಗಲಾರದೆ ಕೂತುಬಿಟ್ಟಳು. "ಕೈ ಜೊತೆ ಕೈಗುಣಾನೂ ಹೋಯ್ತೇನೋ ಮಗಳೇ. ಯಾರಿಗಾದ್ರೂ ಕೊಟ್ಬಿಡೋಣ ದೋಣೀನ."

"ಕೈಗುಣ ಅಂತೆ! ವೈರಿಗೆ ಅದೆಲ್ಲ ಗೊತ್ತಾಗಲ್ಲ. ನಾನು ಒತ್ತುತೀನಿ, ನನ್ನನ್ನೇ ನೋಡ್ತಿರು. ನಾನೇನು ಬೇರೆ ಮಾಡ್ತೀನಿ ಹೇಳು."

ಎಂಜಿನ್ ಎದ್ದಿತು. ಚಿಕ್ಕಮ್ಮನೂ ಎದ್ದಳು. "ಅಯ್ಯೋ ಮಹಾತಾಯಿ, ನೀನು ಗುದ್ದಿದೆ!"

"ನಾನಾ? ಇಲ್ಲಪ್ಪ."

"ಇಲ್ವಾ? ಮುಷ್ಟಿ ಇನ್ನೂ ಬಿಚ್ಚಿಲ್ಲ, ನೋಡ್ಕೋ!"

ಸ್ವಿಚ್ಚಕ್ಕ ತನ್ನ ಬಲಗೈ ನೋಡಿಕೊಂಡಳು. ಹೌದು, ಬಿಚ್ಚಿರಲಿಲ್ಲ. ಚಿಕ್ಕಂದಿನ ಗುದ್ದು ಅವಳನ್ನು ಕೇಳದೆಯೇ ಹೊರಟುಬಿಟ್ಟಿತ್ತು. ಇಷ್ಟು ವರ್ಷ ಗುದ್ದು ಎಬ್ಬಿಸುತ್ತಿದ್ದುದು ಎಂಜಿನ್ನನ್ನಲ್ಲ, ಎಲ್ಲೋ ಸಡಿಲವಾಗಿದ್ದ ವೈರನ್ನು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದೆ ನೋಡು" ಎಂದು ಹಣೆ ಚಚ್ಚಿಕೊಂಡಳು.

"ಬಿಡೆ, ನಾಳೆ ನಾನೂ ಎಡಗೈಲೇ ಒಂದು ಗುದ್ದು ಹಾಕಿದ್ರಾಯ್ತು."

"ಗಾಳಿ ಬಿದ್ದು, ನೀರು ನಿನ್ನನ್ನ ಬಂಡೆ ಕಡೆಗೆ ಎಳೀತಿರುವಾಗ ಗುದ್ದಿಗೂ ಏಳದಿದ್ರೆ? ಗುದ್ದಿಲ್ಲದೆ ಏಳೋವರೆಗೂ ನಾನು ಮನೆಗೆ ಹೋಗಲ್ಲ."

ಬ್ಯಾಟರಿ ಮತ್ತೆ ಕಳಚಿತು, ಕಪ್ಲರ್ ಬಿಚ್ಚಿತು. ಒಳಗೆಲ್ಲ ಹಸಿರು ಕಿಲುಬು. ಸ್ಟಾರ್ಟರಿನ ಪಿನ್ನು ಸವೆದು ಸೂಜಿಯಾಗಿತ್ತು. ಗುದ್ದಿದರೆ ತಾಗುವುದು, ಎಂಜಿನ್ ನಡುಗಿದರೆ ಬಿಡುವುದು. ಅವಳು ಕಪ್ಲರನ್ನೇ ಕತ್ತರಿಸಿ ಎಸೆದಳು. ಹೊಳೆಯುವ ತಾಮ್ರ ಕಾಣುವವರೆಗೆ ಒಂದೊಂದೇ ವೈರನ್ನು ಹೆರೆದು, ಉಣ್ಣೆಯ ಬಣ್ಣ ನೋಡಿ ಜೋಡಿಸಿ, ಇಕ್ಕಳದಲ್ಲಿ ಒತ್ತಿ, ಮೇಲೆ ರಬ್ಬರ್ ಕೊಳವೆ ಏರಿಸಿ ಲೈಟರಿನಿಂದ ಕಾಯಿಸಿ ಬಿಗಿಮಾಡಿದಳು. ನಡುವೆ ಮಗು ಎದ್ದು ರಾಗ ತೆಗೆಯಿತು. ಚಿಕ್ಕಮ್ಮ ಎಡಗೈಯಲ್ಲಿ ತಿನ್ನಿಸಲು ಹೋಗಿ ಅರ್ಧವನ್ನು ಅದರ ಮೂಗಿಗೆ ಬಳಿದಳು.

ಕೊನೆಗೆ ಸ್ವಿಚ್ಚಕ್ಕ ಮಗುವನ್ನು ಬಲಸೊಂಟಕ್ಕೆ ಏರಿಸಿಕೊಂಡಳು, ಆ ಕೈ ಮತ್ತೆ ಮೋಸ ಮಾಡದಿರಲೆಂದು. ಎಡ ಹೆಬ್ಬೆರಳಿನಿಂದ ಒತ್ತಿದಳು. ಎದ್ದಿತು. ನಿಲ್ಲಿಸಿದಳು, ಒತ್ತಿದಳು, ಎದ್ದಿತು. ಚಿಕ್ಕಮ್ಮ ಸಾಕೆಂದರೂ ಬಿಡದೆ ಅವಳ ಕೈಯಲ್ಲೂ ಒತ್ತಿಸಿ, ಒತ್ತಿಸಿ ನೋಡಿದಳು.

ಬೆಳಿಗ್ಗೆ ಪರೀಕ್ಷೆಯ ಅಧಿಕಾರಿ ದೋಣಿಯ ತುದಿಯಲ್ಲಿ ಕೂತರು. ಮಗುವನ್ನೆತ್ತಿಕೊಂಡ ಸ್ವಿಚ್ಚಕ್ಕ ದಡದಲ್ಲಿ ನಿಂತಿದ್ದಳು. ಚಿಕ್ಕಮ್ಮ ಎಡಗೈಯಿಂದ ಹೀಟರ್ ಗುಂಡಿ ಒತ್ತುತ್ತಿದ್ದಂತೆ ಅವಳ ಬಲಗೈ, ಪಟ್ಟಿ ಸಮೇತ, ತಾನಾಗಿಯೇ ಮೇಲೆದ್ದಿತು. ಸ್ವಿಚ್ಚಕ್ಕ ತುಟಿ ಕಚ್ಚಿದಳು. ಚಿಕ್ಕಮ್ಮ ಆ ಕೈಯನ್ನು ಗದರುವ ಹಾಗೆ ನೋಡಿ ಮಡಿಲಿಗಿಳಿಸಿದಳು.

"ಯಾಕೆ ನಿಂತ್ರಿ?" ಎಂದರು ಅಧಿಕಾರಿ.

"ಹೀಟರ್ ಕಾಯ್ಬೇಕಲ್ಲ ಸ್ವಾಮಿ."

ಹೆಬ್ಬೆರಳು ಒತ್ತಿತು. ಎಂಜಿನ್ ಎದ್ದಿತು. ದೋಣಿ ಇಕ್ಕಟ್ಟಿನಲ್ಲಿ ನುಸುಳಿ, ತಡೆಗೋಡೆ ದಾಟಿ, ಅಗಲವಾಗಿ ತಿರುಗಿ ವಾಪಸು ಬಂತು. ಇಳಿಯುತ್ತ ಅಧಿಕಾರಿ ಆಗಬಹುದೆಂದು ತಲೆಯಾಡಿಸಿದರು. ಚಿಕ್ಕಮ್ಮ ಇಳಿಯಲೇ ಇಲ್ಲ. ದಡದಲ್ಲಿ ಕಾದಿದ್ದ ಔಷಧಿ ಪೆಟ್ಟಿಗೆಗಳನ್ನು ಕೊಡೆಂದು ಎಡಗೈ ಚಾಚಿದಳು.

ದೋಣಿ ದ್ವೀಪದ ಕಡೆ ಸಣ್ಣದಾಗುವುದನ್ನು ನೋಡುತ್ತ ನಿಂತಿದ್ದ ಸ್ವಿಚ್ಚಕ್ಕನ ಹೆಗಲಿಗೆ ಮಗು ಮುಷ್ಟಿ ಕಟ್ಟಿ ಒಂದು ಗುದ್ದು ಹಾಕಿತು.

"ಎದ್ದೆ ಕಣೇ ತಾಯಿ, ನಡಿ" ಎಂದಳು ಸ್ವಿಚ್ಚಕ್ಕ. "ಅಂಗಡೀಲಿ ಮಿಕ್ಸಿ ಕಾಯ್ತಿದೆ."