ಅಗಲ ಚಕ್ರ ಮತ್ತು ಚಟ್ನಿಯ ಸೀಟು

ನಮ್ಮ ಹೋಟೆಲು ಚೆನ್ನೈಯ ಅಡ್ಯಾರಿನಲ್ಲಿದೆ. ಅದರದೇ ಒಂದು ಚಿಕ್ಕ ಕ್ಯಾಂಟೀನು ಪೆರುಂಗುಡಿಯ ಆಫೀಸು ಕಟ್ಟಡವೊಂದರ ಕೆಳಗಿದೆ. ಅಲ್ಲಿ ಒಲೆ ಹಚ್ಚಲು ಕಟ್ಟಡದವರು ಬಿಡುವುದಿಲ್ಲ. ಆದ್ದರಿಂದ ಇಡ್ಲಿ, ಸಾಂಬಾರು, ಚಟ್ನಿ ಎಲ್ಲವೂ ಅಡ್ಯಾರಿನಲ್ಲಿ ತಯಾರಾಗಿ ಬೆಳಿಗ್ಗೆ ಅಲ್ಲಿಗೆ ಹೋಗಬೇಕು. ಮೊದಲು ಒಂದು ಗೂಡ್ಸ್ ಆಟೋ ಒಯ್ಯುತ್ತಿತ್ತು. ಅದರವನು ಊರು ಬಿಟ್ಟ ಮೇಲೆ ಆ ಕೆಲಸ ನನ್ನ ಮೊಮ್ಮಗಳ ಕಾರಿಗೆ ಬಂತು. ಅವಳ ಆಫೀಸು ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ. ಹೇಗೂ ದಿನಾ ಹೋಗುವ ಕಾರು. ಖಾಲಿ ಹೋಗುವುದು ನನಗೆ ಸರಿ ಕಾಣಲಿಲ್ಲ.

ಕಾರಿನಲ್ಲಿ ಯಾವುದು ಎಲ್ಲಿರಬೇಕು ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿದೆ. ಸಾಂಬಾರಿನ ಸ್ಟೀಲ್ ಡ್ರಮ್ಮುಗಳು ಡಿಕ್ಕಿಯಲ್ಲಿ. ಇಡ್ಲಿಯ ಡಬ್ಬಿಗಳು ಹಿಂದಿನ ಸೀಟಿನ ಬಲಕ್ಕೆ. ಚಟ್ನಿ ಮುಂದಿನ ಸೀಟಿನಲ್ಲಿ, ಬೆಲ್ಟು ಕಟ್ಟಿಕೊಂಡು, ಎ.ಸಿ.ಯ ಎದುರಿಗೆ. ತೆಂಗಿನಕಾಯಿ ಚಟ್ನಿಯನ್ನು ಬಿಸಿ ಸಾಂಬಾರಿನ ಪಕ್ಕ ಕೂರಿಸಿದರೆ ಚೆನ್ನೈಯಲ್ಲಿ ಅದು ಊಟದ ಹೊತ್ತಿನವರೆಗೂ ಬಾಳುವುದಿಲ್ಲ. ಹಾಗಾಗಿ ಚಟ್ನಿಯ ಸೀಟಿನಲ್ಲಿ ಯಾರೂ ಕೂರುವಂತಿಲ್ಲ, ನಾನೂ. ಬುಧವಾರ ಕ್ಯಾಂಟೀನು ನೋಡಲು ಹೋಗುವಾಗ ನನ್ನ ಜಾಗ ಹಿಂದೆ, ಎಡಕ್ಕೆ.

ಈ ಕಾರನ್ನು ಅವಳು ತಗ್ಗಿಸಿದ್ದಳು. ಅಂದರೆ ಕಂಪನಿಯ ಸ್ಪ್ರಿಂಗುಗಳನ್ನು ತೆಗೆಸಿ ಗಿಡ್ಡ ಸ್ಪ್ರಿಂಗು ಹಾಕಿಸಿ, ಇಡೀ ಕಾರನ್ನು ನೆಲಕ್ಕೆ ಹತ್ತಿರ ಮಾಡಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ ಚೆಂದಕ್ಕೆ ಎಂದಳು. ನಾನು ಕಾರಿಗೆ ಒಂದು ಸುತ್ತು ಬಂದು ನೋಡಿದೆ. ಚೆಂದ ಕಾಣಲಿಲ್ಲ. ಆದರೆ ಡಿಕ್ಕಿಯ ಅಂಚು ತಗ್ಗಿದ್ದರಿಂದ ಡ್ರಮ್ಮು ಎತ್ತಿಡುವವರ ಸೊಂಟನೋವಿನ ದೂರು ನಿಂತಿತು. ಕಾರಿನ ಹೊಟ್ಟೆ ತಾಗೀತೆಂದು ಅವಳು ಪ್ರತಿ ಹಂಪ್ಸನ್ನೂ ಬಾಗಿಲ ಹೊಸ್ತಿಲು ದಾಟುವ ಹಾಗೆ ದಾಟಿಸುತ್ತಿದ್ದಳು. ಸಾಂಬಾರು ತುಳುಕುವುದೂ ನಿಂತಿತು. ನಾನು ಆಕ್ಷೇಪಣೆಯನ್ನು ವಾಪಸು ಪಡೆದೆ.

ಆಮೇಲೆ ಚಕ್ರದ ಮಾತು ಬಂತು. ಒಂದು ಸಂಜೆ ಅವಳು ನನ್ನನ್ನು ಕಾರಿನ ಹಿಂದೆ ನಿಲ್ಲಿಸಿದಳು.

"ನೋಡಿ ಅಜ್ಜ, ವೀಲ್ ಎಲ್ಲ ಒಳಗೆ ಪೋಯಿಡ್ಚು. ದೊಡ್ಡವರು ಮಕ್ಕಳ ಚಪ್ಪಲಿ ಹಾಕಿದ ಹಾಗೆ ಉಂಟು."

ಚಕ್ರ ಮಡ್‌ಗಾರ್ಡಿನ ಒಳಗೆ ಹೋಗಿಬಿಟ್ಟಿದೆ ಎಂಬುದು ನಿಜವಾಗಿತ್ತು. ಅವಳಿಗೆ ಬೇಕಿದ್ದದ್ದು ಅಗಲವಾದ ಅಲಾಯ್ ಚಕ್ರಗಳು ಮತ್ತು ಸ್ಪೇಸರ್‌ಗಳು. ಸ್ಪೇಸರ್ ಎಂದರೆ ಚಕ್ರಕ್ಕೂ ಅದನ್ನು ಹಿಡಿದಿರುವ ಹಬ್ಬಿಗೂ ನಡುವೆ ಕೂರುವ ದಪ್ಪ ಲೋಹದ ಬಿಲ್ಲೆ. ಬಿಲ್ಲೆ ದಪ್ಪವಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ಭಾನುವಾರ ಬೆಳಿಗ್ಗೆ ಸಮುದ್ರದ ದಾರಿಯಲ್ಲಿ ಇಂಥ ಕಾರಿನವರೆಲ್ಲ ಸೇರುತ್ತಾರಂತೆ. ಅಲ್ಲಿ ಇವಳ ಕಾರಿಗೆ ‘ಸಾಂಬಾರ್ ವಂಡಿ’ ಎಂದು ಹೆಸರಿಟ್ಟಿದ್ದರಂತೆ. ಅದು ಸಾಂಬಾರು ಒಯ್ಯುವ ಗಾಡಿಯೇ ಆದ್ದರಿಂದ ನನಗೆ ಅದರಲ್ಲಿ ಅವಮಾನ ಕಾಣಲಿಲ್ಲ. ಅವಳಿಗೆ ಕಂಡಿತ್ತು. ದಿನವೂ ದುಡಿಯುವ ಕಾರು ಅಲ್ಲಿ ಇನ್ನಾರದ್ದೂ ಇಲ್ಲ, ಅದೇ ಕಾರು ಚೆನ್ನಾಗಿಯೂ ಕಾಣಬೇಕು ಎಂದಳು. ಶಾಲೆ ಮುಗಿಸಿದ ಮೇಲೆ ಅವಳು ನನ್ನ ಒಪ್ಪಿಗೆ ಕೇಳಿದ್ದು ಅದೇ ಮೊದಲು.

ನಾನು ಷರತ್ತು ಹಾಕಿದೆ. ಚಕ್ರ ಹಾಕಿಸಬಹುದು. ಆದರೆ ಪೂರ್ತಿ ಲೋಡಿನಲ್ಲಿ, ಅಡ್ಯಾರಿನಿಂದ ಪೆರುಂಗುಡಿಯವರೆಗೆ, ಟಯರು ಮಡ್‌ಗಾರ್ಡಿಗೆ ಎಲ್ಲಿಯೂ ಉಜ್ಜಬಾರದು. ಒಂದು ಸಲ ಉಜ್ಜಿದರೂ ಹಳೆಯ ಚಕ್ರ. ಬೆನ್ನ ಹಿಂದೆ ಕುದಿಯುವ ಸಾಂಬಾರು ಇಟ್ಟುಕೊಂಡು ಟಯರು ಹರಿದುಕೊಳ್ಳುವ ಕಾರನ್ನು ನಾನು ಹೋಟೆಲಿನ ಕೆಲಸಕ್ಕೆ ಕಳಿಸುವವನಲ್ಲ. ಅವಳು ಒಪ್ಪಿದಳು.

ಎಗ್ಮೋರ್ ಸ್ಟೇಷನ್ನಿನಾಚೆ, ಕಾರಿನ ಸಾಮಾನುಗಳ ಅಂಗಡಿಗಳ ನಡುವೆ, ಅವಳ ಪರಿಚಯದ ಗ್ಯಾರೇಜಿತ್ತು. ನಾನೂ ಹೋದೆ. ಮೆಕ್ಯಾನಿಕ್ಕು ಹೊಸ ಚಕ್ರಗಳನ್ನು ಕೂರಿಸಿ, ಕಾರನ್ನು ಜಾಕಿನಿಂದ ಇಳಿಸಿ, ಟಯರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರಿಸಿ ತೋರಿಸಿದ. ಲೋಡು ಹಾಕಿದಾಗ ಎಷ್ಟು ಬೆರಳು ಎಂದು ಕೇಳಿದೆ.

"ತಾತಾ, ಇದು ಕಾರಾ, ಲಾರಿಯಾ?" ಎಂದ ಅವನು, ತಮಿಳಿನಲ್ಲಿ.

ಬೆಳಿಗ್ಗೆ ಲಾರಿ, ಆಮೇಲೆ ಕಾರು ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಮೊಮ್ಮಗಳ ಮುಖ ನೋಡಿದ. ಅವಳು ಆಕಾಶ ನೋಡಿದಳು.

ನಮ್ಮ ಅಡುಗೆಮನೆಯಲ್ಲಿ ಹೊಸ ಪಾತ್ರೆ ಬಂದರೆ ಮೊದಲ ದಿನ ಅದರಲ್ಲಿ ಅಡುಗೆ ಮಾಡುವುದಿಲ್ಲ. ತುಂಬ ನೀರು ಹಾಕಿ, ಕುದಿಸಿ, ಸೋರುತ್ತದೆಯೇ, ತಳ ನಿಲ್ಲುತ್ತದೆಯೇ ನೋಡಿ, ನೀರು ಚೆಲ್ಲುತ್ತೇವೆ. ನಾನು ಕೆಲಸ ಕಲಿತ ಹೋಟೆಲಿನಲ್ಲೂ ಹಾಗೆಯೇ ಇತ್ತು. ಕಾರಿಗೂ ಅದನ್ನೇ ಮಾಡಿದೆ. ಡ್ರಮ್ಮುಗಳಿಗೆ ಸಾಂಬಾರು ನಿಲ್ಲುವಷ್ಟೇ ಎತ್ತರಕ್ಕೆ ನೀರು ತುಂಬಿಸಿ, ಇಡ್ಲಿಯ ಬದಲು ಅಷ್ಟೇ ತೂಕದ ಅಕ್ಕಿಯನ್ನು ಡಬ್ಬಿಗೆ ಹಾಕಿಸಿ, ಚಟ್ನಿಯ ಪಾತ್ರೆಗೂ ನೀರು ಹಾಕಿ ಬೆಲ್ಟು ಕಟ್ಟಿಸಿದೆ. ಉಜ್ಜುವ ಸದ್ದು ಹೊರಗಿನವರಿಗೇ ಚೆನ್ನಾಗಿ ಕೇಳುತ್ತದೆ ಎಂದು ನಾನು ನಮ್ಮ ಬೀದಿಯ ಹಂಪ್ಸಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತೆ. ಅವಳು ದಾಟಿಸಿದಳು. ಕಾರಿನ ಹಿಂಭಾಗ ಕುಳಿತು ಏಳುವಾಗ ಚಪ್ಪಲಿ ಎಳೆದಂತೆ ಸದ್ದಾಯಿತು.

ನೀರಿನ ಪರೀಕ್ಷೆ ಷರತ್ತಿನ ಲೆಕ್ಕಕ್ಕಿಲ್ಲ ಎಂದು ಮತ್ತೆ ಎಗ್ಮೋರಿಗೆ ಹೋದೆವು. ಹಿಂದಿನ ಸ್ಪೇಸರನ್ನು ತೀರಾ ತೆಗೆದರೆ ಅಗಲ ಚಕ್ರದ ಒಳಮೈ ಶಾಕ್ ಅಬ್ಸಾರ್ಬರಿಗೆ ತಾಗುತ್ತದೆ, ಇದ್ದದ್ದನ್ನು ಬಿಟ್ಟರೆ ಹೊರಗೆ ಉಜ್ಜುತ್ತದೆ. ಮೆಕ್ಯಾನಿಕ್ಕು ತೆಳ್ಳಗಿನ ಬಿಲ್ಲೆ ಹಾಕಿದ. ಮಡ್‌ಗಾರ್ಡಿನ ಒಳಅಂಚನ್ನು ಬಿಸಿ ಮಾಡಿ, ಉರುಳೆ ಒತ್ತಿ, ಪೇಂಟು ಏಳದ ಹಾಗೆ ಮೇಲಕ್ಕೆ ಮಡಚಿದ. ಹೋಳಿಗೆಯ ಅಂಚು ಮಡಚುವಷ್ಟೇ ತಾಳ್ಮೆಯಿಂದ ಮಾಡಿದ್ದನ್ನು ನೋಡಿ ನಾನು ಲಾರಿಯ ಮಾತನ್ನು ಮರೆತೆ. ಸ್ವಲ್ಪ ಓಡಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ನೋಡಬೇಕು ಎಂದ. ಆ ಕೆಲಸವನ್ನು ನಾನು ವಹಿಸಿಕೊಂಡೆ. ಈಗಲೂ ಬೆಳಿಗ್ಗೆ ಗ್ಯಾಸಿನ ವಾಲ್ವು ನೋಡಿದ ಮೇಲೆ ಚಕ್ರದ ನಟ್ಟು ನೋಡುತ್ತೇನೆ.

ಎರಡನೆಯ ನೀರಿನ ಪರೀಕ್ಷೆಯಲ್ಲಿ ಕಾರು ಸದ್ದಿಲ್ಲದೆ ದಾಟಿತು. ಮೂರು ಸಲ ದಾಟಿಸಿದೆ. ಪಾಸು ಎಂದೆ. ಅವಳು ಆ ಚಕ್ರಗಳನ್ನು ತೊಳೆದಳು. ಅವು ಕೊಳೆಯಾಗಿರಲಿಲ್ಲ.

ಸೋಮವಾರ, ಮಂಗಳವಾರ ಸದ್ದಿಲ್ಲ. ಬುಧವಾರ ನಾನು ಎಂದಿನಂತೆ ಹಿಂದೆ, ಎಡಕ್ಕೆ ಕೂತೆ. ಅಡ್ಯಾರ್ ದಾಟುವ ಮೊದಲೇ, ರಸ್ತೆ ಅಗೆದು ಮುಚ್ಚಿದ ಕಡೆ, ನನ್ನ ಸೀಟಿನ ಕೆಳಗೇ ಚಪ್ಪಲಿ ಎಳೆದ ಸದ್ದು ಬಂತು. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ. ಮುಂದಿನ ಹಂಪ್ಸಿನಲ್ಲಿ ಮತ್ತೆ ಬಂತು. ಸಿಗ್ನಲ್ಲಿನಲ್ಲಿ ನಿಂತಾಗ ಅವಳೇ ಹೇಳಿದಳು:

"ಕೇಳ್ತು ಅಲ್ವಾ ಅಜ್ಜ. ನಾಳೆ ಹಳೇ ವೀಲ್ ಹಾಕಿಸ್ತೇನೆ."

ಮಾತು ಮಾತೇ. ಅವಳು ಚೌಕಾಸಿ ಮಾಡಲಿಲ್ಲ, ರಸ್ತೆಯನ್ನು ದೂರಲಿಲ್ಲ. ಬಹುಶಃ ಆ ಕಾರಣಕ್ಕೇ ನಾನು ಲೆಕ್ಕ ಸರಿಯಿದೆಯೇ ಎಂದು ಮತ್ತೊಮ್ಮೆ ಯೋಚಿಸಿದೆ. ಸರ್ವೀಸ್ ರಸ್ತೆಗೆ ಇಳಿಸಿ ಒಂದು ಹಂಪ್ಸಿನ ಹತ್ತಿರ ನಿಲ್ಲಿಸಲು ಹೇಳಿದೆ. ನಾನು ಇಳಿದೆ. ದಾಟಿಸು ಎಂದೆ. ದಾಟಿಸಿದಳು. ಸದ್ದಿಲ್ಲ. ಹಿಂದಕ್ಕೆ ಬಂದು ಮತ್ತೆ ದಾಟಿಸಿದಳು. ಆಗಲೂ ಇಲ್ಲ. ಎಳನೀರಿನವನೊಬ್ಬ ಕತ್ತಿ ಹಿಡಿದು ನಮ್ಮನ್ನು ನೋಡುತ್ತ ನಿಂತಿದ್ದ.

ಪರೀಕ್ಷೆಯಲ್ಲಿ ನೀರು ಕೂತಿತ್ತು, ಅಕ್ಕಿ ಕೂತಿತ್ತು. ನಾನು ಹೊರಗೆ ಕುರ್ಚಿಯ ಮೇಲೆ ಕೂತಿದ್ದೆ.

"ಹಾಗಾದ್ರೆ ಉಜ್ಜುವುದು ನಾನು" ಎಂದೆ.

"ನಾನು ಹಾಗೆ ಹೇಳ್ಲಿಲ್ಲ."

"ನೀನು ಹೇಳುದಿಲ್ಲ. ಟಯರ್ ಹೇಳಿತು."

ಲೋಡು ಎಂದರೆ ಕ್ಯಾಂಟೀನಿಗೆ ಹೋಗುವ ಪದಾರ್ಥ. ನಾನು ಪದಾರ್ಥವಲ್ಲ. ಆದರೆ ಕಾರಿನಲ್ಲಿದ್ದೆ ಎಂಬುದೂ ನಿಜ. ನಾನು ಬಸ್ಸಿನಲ್ಲಿ ಹೋಗಬಹುದಿತ್ತು. ಅದು ಷರತ್ತಿನಿಂದ ತಪ್ಪಿಸಿಕೊಂಡಂತೆ. ಸೀಟಿನ ವಿಚಾರ ಉಳಿಯಿತು. ಹಿಂದೆ ಕೂತರೆ ನನ್ನ ಭಾರವೆಲ್ಲ ಹಿಂದಿನ ಚಕ್ರದ ಮೇಲೆ. ಮುಂದೆ ಕೂತರೆ ಹಂಚಿಹೋಗುತ್ತದೆ. ನಾನು ಮುಂದಿನ ಬಾಗಿಲು ತೆರೆದು, ಚಟ್ನಿಯ ಬೆಲ್ಟು ಬಿಚ್ಚಿ, ಪಾತ್ರೆಯನ್ನು ಎತ್ತಿಕೊಂಡು ಕೂತೆ. ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಅವಳಿಗೆ ನಗು ಬರಲಿಲ್ಲ, ಗಾಬರಿಯಾಯಿತು. "ಅಜ್ಜ, ಚಟ್ನಿ ಸೀಟು..."

"ಚಟ್ನಿ ಅದರ ಸೀಟಲ್ಲೇ ಉಂಟು. ನಾನು ಅದರ ಕೆಳಗೆ ಉಂಟು. ಹೊರಡು."

ಹಿಂದಕ್ಕೆ ಬಂದು ಮತ್ತೆ ಆ ಹಂಪ್ಸು, ಅದರ ಮುಂದಿನದು, ಕ್ಯಾಂಟೀನಿನ ಗೇಟಿನ ಒಳಗಿನದು, ಎಲ್ಲವನ್ನೂ ದಾಟಿದೆವು. ಪ್ರತಿ ಸಲವೂ ಅವಳು ಉಸಿರು ಹಿಡಿಯುತ್ತಿದ್ದಳು. ಎಲ್ಲಿಯೂ ಸದ್ದಾಗಲಿಲ್ಲ. ಕ್ಯಾಂಟೀನಿನ ಕ್ಯಾಷಿಯರು ಎಂದಿನಂತೆ ಚಟ್ನಿ ಇಳಿಸಿಕೊಳ್ಳಲು ಮುಂದಿನ ಬಾಗಿಲು ತೆರೆದವನು ಅದರ ಹಿಂದೆ ಯಜಮಾನನನ್ನು ಕಂಡು, ಯಾವುದನ್ನು ಮೊದಲು ಇಳಿಸುವುದೆಂದು ತಿಳಿಯದೆ ನಿಂತ. ಚಟ್ನಿ ಮೊದಲು ಎಂದೆ.

ಷರತ್ತು ಉಜ್ಜಬಾರದು ಎಂದಿತ್ತೇ ಹೊರತು ಯಾರು ಎಲ್ಲಿ ಕೂರಬೇಕು ಎಂದಿರಲಿಲ್ಲ. ಆ ಬೆಳಿಗ್ಗೆ ಉಜ್ಜಿದ್ದಕ್ಕೆ ಕಾರಣ ನಾನು ಪರೀಕ್ಷೆಗೆ ಹಾಜರಾಗದೆ ಇದ್ದದ್ದು. ಚಕ್ರ ಇರಲಿ ಎಂದೆ. ಅವಳು ತಲೆಯಾಡಿಸಿ ಆಫೀಸಿಗೆ ಹೋದಳು. ತಿರುವಿನಲ್ಲಿ ಹಾರ್ನ್ ಮಾಡಿದಳು, ಅಲ್ಲಿ ಯಾರೂ ಅಡ್ಡ ಇರಲಿಲ್ಲ.

ಮುಂದಿನ ಬುಧವಾರ ನಾನು ನಟ್ಟು ನೋಡಿ ಬಂದಾಗ ಮುಂದಿನ ಸೀಟಿನಲ್ಲಿ ಚಟ್ನಿ ಇರಲಿಲ್ಲ. ಮಡಚಿದ ಟವೆಲ್ಲು ಇತ್ತು, ತಣ್ಣಗಿನ ಸ್ಟೀಲು ತೊಡೆಗೆ ತಾಗದಿರಲೆಂದು. ಅವಳು ಪಾತ್ರೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ನಾನು ಕೂತೆ, ಟವೆಲ್ಲು ಹಾಸಿಕೊಂಡೆ. ಅವಳು ಪಾತ್ರೆ ಇಟ್ಟು ಬೆಲ್ಟು ಎಳೆದು ಹಾಕಿದಳು. ನನಗೂ ಚಟ್ನಿಗೂ ಸೇರಿ ಒಂದೇ ಬೆಲ್ಟು.