ಸಾಹೇಬರ ಹೆಸರು ಕೇಳಬಹುದೇ?

"ಯಾರ ವಿರುದ್ಧ ದೂರು?" ಅಂತ ಕೇಳಿದೆ.

"ಸಾಹೇಬ್ರು," ಅಂದರು ಫಿಲೋಮಿನಾ.

"ಹೆಸರು?"

"ಅಯ್ಯೋ, ಸಾಹೇಬ್ರ ಹೆಸ್ರು ಕೇಳಕ್ಕಾಯ್ತದಾ ಅಕ್ಕ? ತಪ್ಪು ತಿಳ್ಕೋತಾರೆ."

ಫಿಲೋಮಿನಾ ಉದಯಗಿರಿಯ ಟೈಲರ್. ನನ್ನ ಬ್ಲೌಸುಗಳೆಲ್ಲ ಅವರ ಕೈಯವೇ. ಕಳೆದ ಬುಧವಾರ ನಮ್ಮ ಮನೆಯಲ್ಲಿ ಕೂತು ಇಬ್ಬರೂ ಲೋಕಾಯುಕ್ತರಿಗೆ ಕೊಡುವ ದೂರಿನ ಫಾರಂ ತುಂಬುತ್ತಿದ್ದೆವು. ನಾಲ್ಕು ತಿಂಗಳಿಂದ ಅವರು ಅಲೆಯುತ್ತಿದ್ದದ್ದು ಒಂದೇ ತಾಲ್ಲೂಕು ಕಚೇರಿ, ಒಂದೇ ಟೇಬಲ್, ಒಬ್ಬನೇ ಅಧಿಕಾರಿ. ಹೆಸರು ಮಾತ್ರ ಗೊತ್ತಿಲ್ಲ. ನನಗೆ ಪಿತ್ತ ನೆತ್ತಿಗೇರಿತು. (ಆಮೇಲೆ ನೆನಪಾಯಿತು, ನಮ್ಮ ಬಡಾವಣೆಯ ಇಂಜಿನಿಯರ್ ಹೆಸರು ನನಗೂ ಗೊತ್ತಿಲ್ಲ. ಕಂಡಾಗಲೆಲ್ಲ ಕೈ ಮಾತ್ರ ಮುಗಿಯುತ್ತೇನೆ.)

ಫಿಲೋಮಿನಾಗೆ ಬೇಕಿದ್ದದ್ದು ಮಗಳು ರೀಟಾಳ ಜಾತಿ-ಆದಾಯ ಪತ್ರ. ಅದಿಲ್ಲದೆ ನರ್ಸಿಂಗ್ ಸೀಟಿಲ್ಲ. ಶುಕ್ರವಾರ ಕೊನೆಯ ದಿನ. ದೂರಿನ ವಿಚಾರಣೆ ಆಗುವಷ್ಟರಲ್ಲಿ ಸೀಟು ಇನ್ಯಾರದೋ ಪಾಲಾಗಿರುತ್ತದೆ ಅಂತ ನನಗೆ ಭಯ. ಆದರೂ ಹೆಸರಿನ ಕಾಲಂ ಖಾಲಿ ಬಿಡುವುದು ಹೇಗೆ?

ಆಟೊ ಹತ್ತಿದೆವು. ಕಚೇರಿಯ ಬಾಗಿಲಲ್ಲಿ ಫಿಲೋಮಿನಾ ಚಪ್ಪಲಿ ಬಿಟ್ಟರು. "ಹಾಕ್ಕೊಳ್ಳಿ, ಇದೇನು ದೇವಸ್ಥಾನವಾ?" ಅಂದೆ.

ಸಾಹೇಬರು ಗದರುವವರೇನಲ್ಲ. ನಗುತ್ತಲೇ, "ಸರ್ವರ್ ಇಲ್ಲ ಕಣಮ್ಮ, ಸೋಮವಾರ ಬನ್ನಿ" ಅಂದರು. ಫಿಲೋಮಿನಾ ಅಭ್ಯಾಸಬಲದಿಂದ "ಆಯ್ತು ಸಾರ್" ಅಂದೇಬಿಟ್ಟರು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವರೇ ತಿರುಗಿ ನಿಂತರು.

"ಸಾರ್, ತಪ್ಪು ತಿಳ್ಕೋಬೇಡಿ. ತಮ್ಮ ಹೆಸ್ರು?"

"ಯಾಕಮ್ಮ?"

"ಲೋಕಾಯುಕ್ತರ ಫಾರಂನಲ್ಲಿ ಕೇಳವ್ರೆ ಸಾರ್. ತಪ್ಪಿಲ್ದಂಗೆ ನೀವೇ ಬರ್ಕೊಟ್ಬುಡಿ."

ಅಂತ ಫಾರಂ, ಪೆನ್ನು ಎರಡನ್ನೂ ಅವರ ಮುಂದಿಟ್ಟರು. ಇದು ಜಾಣತನವೋ ಮುಗ್ಧತನವೋ ನನಗೆ ಇನ್ನೂ ತಿಳಿದಿಲ್ಲ. ಸಾಹೇಬರು ಪೆನ್ನು ಮುಟ್ಟಲಿಲ್ಲ. ಸರ್ವರ್ ಬಂತು. ಅರ್ಧ ಗಂಟೆಯಲ್ಲಿ ಪತ್ರವೂ ಬಂತು.

ಹೊರಗೆ ಫಿಲೋಮಿನಾ ಗೋಡೆಗೊರಗಿ ಅತ್ತರು. "ಹೋದ ಉಸ್ರು ಬಂದಂಗಾಯ್ತು ಕಣಕ್ಕ," ಅಂದರು. ನನ್ನ ಎದೆಯೂ ಹಗುರಾಯಿತು. ಗುರುವಾರ ರೀಟಾಳ ಸೀಟು ಪಕ್ಕಾ ಆಯಿತು. ಆ ಸಂಜೆ ಅವರು ತಂದ ಮೈಸೂರು ಪಾಕನ್ನು ಡಯಾಬಿಟಿಸ್ ಮರೆತು ಎರಡು ತುಂಡು ತಿಂದೆ.

ಲೋಕಾಯುಕ್ತ ಅಂದರೆ ನಮಗೆ ಟಿವಿಯಲ್ಲಿ ತೋರಿಸುವ ರೇಡ್ ಅಷ್ಟೇ. ಆದರೆ ಸುಮ್ಮನೆ ಓಡಾಡಿಸುವವರ ಮೇಲೂ ಅಲ್ಲಿ ದೂರು ಕೊಡಬಹುದು. ಕುರ್ಚಿಯಲ್ಲಿ ಕೂತವರಿಗೂ ಒಂದು ಹೆಸರಿದೆ, ಮೇಲೆ ಕೇಳುವವರಿದ್ದಾರೆ ಅಂತ ಗೊತ್ತಾಗುವುದೇ ನಮ್ಮಂಥವರಿಗೆ ಅರ್ಧ ಬಲ.

"ಕೆಲ್ಸ ಆಯ್ತಲ್ಲ, ಫಾರಂ ಹರ್ದಾಕ್ಬುಡಿ ಅಕ್ಕ. ಪಾಪ, ಸಾಹೇಬ್ರು," ಅಂದರು ಫಿಲೋಮಿನಾ. ನಾನೂ ಹೂಂ ಅಂದೆ. ಹರಿಯಲು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಅವರೇ ತಡೆದರು.

"ಅಲ್ಲಕ್ಕ, ಅರ್ಧ ಗಂಟೆ ಕೆಲ್ಸಕ್ಕೆ ನಾಕು ತಿಂಗ್ಳು ಯಾಕೆ ಓಡಾಡ್ಸುದ್ರು?"

ನಮ್ಮ ಸೀಟು ನಮಗೆ ಸಿಕ್ಕಿತು ಅಂತ ದೂರು ಹರಿದು ಹಾಕಿದರೆ, ನಮ್ಮ ಹಿಂದೆ ಕ್ಯೂನಲ್ಲಿದ್ದವರು ಏನು ಮಾಡಬೇಕು?