ವಾಚನಾಲಯದಿಂದ ತಂದ ತೋಳು

ಅಕ್ಕನ ರವಿಕೆ ಹೊಲಿದುಕೊಟ್ಟು ನಾನು ಈವರೆಗೆ ಕೂಲಿ ತೆಗೆದುಕೊಂಡಿಲ್ಲ. ತಮ್ಮನ ಪ್ರೀತಿ ಎಂದು ಅವಳು ಭದ್ರಾವತಿಯ ತನ್ನ ಬೀದಿಯಲ್ಲೆಲ್ಲ ಹೇಳಿಕೊಂಡಿದ್ದಾಳೆ. ಅದು ಪ್ರೀತಿಯಲ್ಲ, ಹೆದರಿಕೆ.

ಕಾರಣ, ಶಿವಮೊಗ್ಗದ ಹೊಸಮನೆಯಲ್ಲಿ ನಾವು ಬೆಳೆದ ಬೀದಿಯ ಮೂಲೆಗೆ ಇನ್ನೂ ನಿಂತಿರುವ ಹಳೆಯ ವಾಚನಾಲಯ. ನಿಂತಿದೆ ಎನ್ನುವುದು ದರ್ಜಿಯ ದಾಕ್ಷಿಣ್ಯದ ಮಾತು. ಗಾರೆ ಅಂಚು ಬಿಚ್ಚಿದ ಲಂಗದಂತೆ ಜೋಲುತ್ತಿದೆ. ಹೆಂಚಿನ ಸಂದಿಯಲ್ಲಿ ಅರಳಿ ಗಿಡ ಎದ್ದಿದೆ. ಬಾಗಿಲಿಗೆ ಬೀಗ. ‘ನಿಶ್ಶಬ್ದವಾಗಿರಿ’ ಎಂಬ ಹಲಗೆ ಮಾತ್ರ ಗಟ್ಟಿಮುಟ್ಟಾಗಿದೆ. ಹಿಂದೆ ಅದರ ಕೆಳಗೇ ಕೂತು ಹಿರಿಯರು ಪ್ರಧಾನಿಗಳಿಗೆ ಬುದ್ಧಿ ಹೇಳುತ್ತಿದ್ದರು. ಈಗಿನ ಪಾರಿವಾಳಗಳೂ ಅದಕ್ಕೆ ಬೆಲೆ ಕೊಡುವುದಿಲ್ಲ.

ಸಂಜೆ ಮನೆಯಿಂದ ಹೊರಗೆ ಹೋಗಲು ಅಕ್ಕನಿಗೆ ಅಪ್ಪಣೆ ಇದ್ದದ್ದು ಅಲ್ಲಿಗೊಂದೇ, ಅದೂ ನನ್ನ ಕಾವಲಿನಲ್ಲಿ. ಏಳನೆಯ ಕ್ಲಾಸಿಗೇ ಶಾಲೆಗೆ ಕೈಮುಗಿದು ಹೊಲಿಗೆ ಕಲಿಯುತ್ತಿದ್ದ ನಾನು ಹೆಂಗಸರ ಮೇಜಿನಲ್ಲೇ ಕೂತು ಚಿತ್ರ ನೋಡುತ್ತಿದ್ದೆ. ವಾರಪತ್ರಿಕೆ ಬೇಕಾದವರು ನೋಟುಬುಕ್ಕಿನಲ್ಲಿ ಸಹಿ ಹಾಕಿ ಪಡೆಯಬೇಕಿತ್ತು. ಒಂದು ಸಂಜೆ ಅಕ್ಕ ಸಹಿ ಹಾಕಿ ತಂದ ಪತ್ರಿಕೆಯಲ್ಲಿ ಪುಟದ ತುಂಬ ರವಿಕೆಯ ಬುಗ್ಗೆ ತೋಳಿನ ನಕ್ಷೆ! ಅವಳು ಗೆಳತಿಯನ್ನು ಮಾತಾಡಿಸಲು ಎದ್ದು ಹೋದಳು. ನನ್ನ ಜೇಬಿನಲ್ಲಿ ಕತ್ತರಿ ಇತ್ತು. ತಲೆಯ ಮೇಲಿನ ಫ್ಯಾನು ಕಿರ್ರೆಂದಾಗಲೆಲ್ಲ ಒಂದು ಕಚಕ್. ಗೆರೆ ತಪ್ಪದಂತೆ ತೋಳು ಕತ್ತರಿಸಿ ಅಂಗಿಯೊಳಗೆ ಇಳಿಸಿದೆ.

ಅಕ್ಕ ಬಂದು ತೆರೆದರೆ ಪುಟದಲ್ಲಿ ತೋಳಿನಾಕಾರದ ಕಿಟಕಿ. ಅದರೊಳಗಿಂದ ಎದುರಿಗೆ ಕೂತ ನನ್ನ ಮುಖ. ಆದರೂ ಯಾರಿಗೂ ಅನುಮಾನ ಬರಲಿಲ್ಲ. ಓದು ಒಲ್ಲದವನು ಹಾಳೆ ಕದ್ದು ಏನು ಮಾಡಿಯಾನು? ತೋಳಿನ ಹಿಂಬದಿಯಲ್ಲಿದ್ದದ್ದು ಅವಳು ವಾರಗಟ್ಟಲೆ ಕಾದಿದ್ದ ಧಾರಾವಾಹಿಯ ಕೊನೆಯ ಕಂತು. ಸಹಿ ಅವಳದು, ತಪ್ಪೂ ಅವಳದಾಯಿತು. “ಓದೋ ಹುಡುಗಿ ಮಾಡೋ ಕೆಲಸವೇನಮ್ಮ ಇದು?” ಎಂದರು ವಾಚನಾಲಯದವರು. “ಓದಿದ್ದು ಸಾಕು, ಮನೇಲಿರು” ಎಂದಳು ಅಮ್ಮ. ಅಲ್ಲಿಗೆ ಅಕ್ಕನ ಸಂಜೆಗಳು ಮುಗಿದವು. ನಾನು ಬಾಯಿ ಬಿಡಲಿಲ್ಲ. ಆ ಹಲಗೆಯ ಮಾತನ್ನು ಪಾಲಿಸಿದವನು ಬೀದಿಯಲ್ಲಿ ನಾನೊಬ್ಬನೇ.

ಆ ತೋಳಿನಿಂದಲೇ ನನಗೆ ಹೆಸರು ಬಂತು. ಅಕ್ಕನ ಮದುವೆಯ ರವಿಕೆಗೂ ಅದನ್ನೇ ಇಟ್ಟೆ.

ಹೋದ ತಿಂಗಳು ಬಂದಿದ್ದ ಅಕ್ಕ ವಾಚನಾಲಯದ ಕಿಟಕಿಗೆ ಮುಖ ಆನಿಸಿ ನಿಂತಳು. “ಒಳಗೆಲ್ಲೋ ನನ್ನ ಸಹಿ ಇರ್ಬೇಕು ಕಣೋ, ಕಳ್ಳಿ ಸಹಿ” ಎಂದು ನಕ್ಕಳು. ಆ ನಗುವಿಗೆ ನನ್ನ ಹೊಲಿಗೆ ಬಿಚ್ಚಿಕೊಂಡಿತು. ಎಲ್ಲ ಹೇಳಿದೆ.

“ಇಷ್ಟು ವರ್ಷ ಬಾಯಿಗೆ ಗುಂಡಿ ಹಾಕ್ಕೊಂಡಿದ್ಯಾ?” ಎಂದವಳು ಮತ್ತೆ ಕಿಟಕಿಗೆ ಮುಖ ಆನಿಸಿದಳು. ಆಮೇಲೆ, “ಹೋಗ್ಲಿ, ಆ ಡಾಕ್ಟ್ರು ವಾಪಸ್ ಬಂದ್ನಾ?” ಎಂದಳು.

“ಯಾವ ಡಾಕ್ಟ್ರು?”

“ಧಾರಾವಾಹೀಲಿ, ಮಾರಾಯ!”

ನನಗೇನು ಗೊತ್ತು? ಆ ಹಾಳೆಯನ್ನು ನಾನು ಒಂದೇ ಮಗ್ಗುಲಿನಿಂದ ನೋಡಿದ್ದೆ. ಪುಣ್ಯಕ್ಕೆ ಅದು ನನ್ನ ಹೊಲಿಗೆ ಅಂಗಡಿಯ ಡಬ್ಬಿಯಲ್ಲಿ ಇನ್ನೂ ಇತ್ತು. ಅಕ್ಕ ತಿರುಗಿಸಿ ಓದಿದಳು. ಭುಜದ ಹತ್ತಿರ ಡಾಕ್ಟರು ಬಾಗಿಲು ತಟ್ಟುತ್ತಾನೆ, ತೋಳಿನ ತುದಿಯಲ್ಲಿ ‘ಮುಗಿಯಿತು’ ಎಂದಿದೆ. ನಡುವೆ ಎಲ್ಲ ಸಾಲೂ ಅರ್ಧಂಬರ್ಧ.

“ಮಿಕ್ಕಿದ್ದು ನೀನೇ ಬರಿ.”

“ನಾನು ಏಳನೇ ಕ್ಲಾಸು ಕಣಕ್ಕ.”

“ಕತ್ತರಿಸುವಾಗ ಎಷ್ಟನೇ ಕ್ಲಾಸಿದ್ದೆ?”

ಅಂದಿನಿಂದ ಬರೆಯುತ್ತಿದ್ದೇನೆ. ಭಾನುವಾರ ಅಕ್ಕ ಭದ್ರಾವತಿ ಬಸ್ಸಿನಲ್ಲಿ ಬರುತ್ತಾಳೆ. ವಾಚನಾಲಯದ ಮೆಟ್ಟಿಲಲ್ಲಿ ಕೂತು ಓದಿ ಹೇಳುತ್ತೇನೆ. “ಇಲ್ಲಿ ಬಿಗಿಯಾಯ್ತು, ಸ್ವಲ್ಪ ಸಡಿಲ ಬಿಡು” ಎಂದು ಗಿರಾಕಿಯ ಹಾಗೆ ತಿದ್ದುತ್ತಾಳೆ. ಡಾಕ್ಟರು ಇನ್ನೂ ಬಾಗಿಲಲ್ಲೇ ಇದ್ದಾನೆ. ಬಾಗಿಲು ತೆಗೆಸುವುದು ಕಷ್ಟವಲ್ಲ. ತೆಗೆದರೆ ಕಥೆ ಮುಗಿಯುತ್ತದೆ, ಅಕ್ಕನ ಭಾನುವಾರವೂ. ನಿಂತಿರಲಿ ಬಿಡಿ. ಅಕ್ಕ ಕಾದಷ್ಟು ಅವನೇನೂ ಕಾದಿಲ್ಲ.